‘ಒಂದು ಬಗೆಯ ಗಿಡ’: ಈಜಿಪ್ಟಿನ ಹಳೆಯ ಭಾಷೆಗೆ ನಿಘಂಟು ಕಟ್ಟಿದ ಕತೆ

(ನಮ್ಮ ಬಡಾವಣೆಯ ವಾಚನಾಲಯದಲ್ಲಿ ಒಂದು ಭಾನುವಾರ ಸಂಜೆ ಆಡಿದ ಮಾತುಗಳ ಬರಹ ರೂಪ. ಅವತ್ತು ಪರದೆಯ ಮೇಲೆ ತೋರಿಸಿದ ಚಿತ್ರಗಳು ಇಲ್ಲಿಲ್ಲ, ಅದಕ್ಕೇ ಕೆಲವು ಕಡೆ ಸ್ವಲ್ಪ ಜಾಸ್ತಿ ವಿವರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಬೆಕ್ಕಿನಿಂದ ಶುರು ಮಾಡುತ್ತೇನೆ. ಹಳೆಯ ಈಜಿಪ್ಟಿನವರು ಬೆಕ್ಕಿಗೆ ಏನನ್ನುತ್ತಿದ್ದರು ಗೊತ್ತಾ? ‘ಮಿಉ’. ಅಷ್ಟೇ. ನಗಬೇಡಿ, ನಿಜವಾಗಿಯೂ ಅಷ್ಟೇ. ಈ ಪದಕ್ಕೆ ಅರ್ಥ ಬರೆಯೋಕೆ ಯಾರೂ ತಲೆ ಕೆಡಿಸಿಕೊಂಡಿಲ್ಲ. ಅವರ ಚಿತ್ರಲಿಪಿಯಲ್ಲಿ ಪದದ ಕೊನೆಗೆ ಅರ್ಥದ ಸುಳಿವಿಗೆ ಅಂತ, ಓದೋಕಲ್ಲ, ಒಂದು ಚಿತ್ರ ಹಾಕುವುದುಂಟು. ಈ ಪದದ ಕೊನೆಗೆ ಎಷ್ಟೋ ಕಡೆ ಬೆಕ್ಕಿನ ಚಿತ್ರವನ್ನೇ ಬರೆದಿದ್ದಾರೆ, ಸದ್ದು ನೋಡಿದರೆ ಅದೂ ಬೆಕ್ಕಿನದೇ. ಎಲ್ಲ ಪದಗಳೂ ಹೀಗೇ ಇದ್ದಿದ್ದರೆ ನಿಘಂಟು ಕಟ್ಟುವುದು ಒಂದು ಮಳೆಗಾಲದ ಕೆಲಸ.

ಈಗ ಇನ್ನೊಂದು ತುದಿ ನೋಡಿ. ಜರ್ಮನಿಯ ಲೈಪ್‌ಜಿಗ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಎಬರ್ಸ್ ಪಪೈರಸ್ ಅನ್ನುವ ಸುರುಳಿ ಇದೆ. ಸುಮಾರು 3,500 ವರ್ಷ ಹಳೆಯದು. ಅದರ ತುಂಬ ಔಷಧಗಳು, ಒಂದೆರಡಲ್ಲ, 800ಕ್ಕೂ ಹೆಚ್ಚು. ನಮ್ಮ ಅಜ್ಜಿಯರ ಮನೆಮದ್ದಿನ ಧಾಟಿಯೇ: ಇಂಥ ಗಿಡ, ಸ್ವಲ್ಪ ಜೇನು, ಸ್ವಲ್ಪ ಬಿಯರ್, ಕುದಿಸು, ಸೋಸು, 4 ದಿನ ಕುಡಿ. ‘ಕುದಿಸು’ ಗೊತ್ತು. ‘ಸೋಸು’ ಗೊತ್ತು. ‘4 ದಿನ’ ಅಂತೂ ಬಿಡಿ, ನಾಲ್ಕು ಗೀಟು ಎಳೆದಿದ್ದಾರೆ. ಗಿಡದ ಹೆಸರನ್ನೂ ಓದಬಹುದು, ಒಂದೊಂದು ವ್ಯಂಜನವೂ ಸ್ಪಷ್ಟವಾಗಿದೆ. ಆದರೆ ಅದು ಯಾವ ಗಿಡ ಅಂತ ನಿಘಂಟು ತೆಗೆದರೆ ಎದುರಿಗೆ ಬರೆದಿರುತ್ತದೆ: ‘ಒಂದು ಬಗೆಯ ಗಿಡ’. ನಾನು ಮೊದಲ ಸಲ ಇದನ್ನು ನೋಡಿದಾಗ ಸಿಟ್ಟು ಬಂದಿತ್ತು. ಇದನ್ನು ಹೇಳೋಕೆ ನಿಘಂಟು ಯಾಕೆ ಬೇಕು, ಪದದ ಕೊನೆಗೆ ಗಿಡದ ಚಿತ್ರ ಇರುವುದು ನನಗೂ ಕಾಣುತ್ತದಲ್ಲ ಅಂತ. ಆಮೇಲೆ, ವರ್ಷಗಳು ಕಳೆದ ಮೇಲೆ, ಇಡೀ ನಿಘಂಟಿನಲ್ಲಿ ನಾನು ಜಾಸ್ತಿ ನಂಬುವುದು ಇಂಥ ಸಾಲುಗಳನ್ನೇ ಅನ್ನಿಸತೊಡಗಿತು. ಯಾಕೆ ಅಂತ ಹೇಳೋಕೇ ಇವತ್ತು ಬಂದಿರುವುದು.

ರೊಸೆಟ್ಟಾ ಕಲ್ಲಿನ ಕತೆ ನಿಮಗೆಲ್ಲ ಗೊತ್ತು, ಅದನ್ನು ಓಡಿಸಿಬಿಡುತ್ತೇನೆ. ಒಂದೇ ಒಕ್ಕಣೆಯನ್ನು ಈಜಿಪ್ಟಿನ ಲಿಪಿಯಲ್ಲೂ ಗ್ರೀಕ್‌ನಲ್ಲೂ ಕೆತ್ತಿದ ಆ ಕಲ್ಲು 1799ರಲ್ಲಿ ಸಿಕ್ಕಿತು, 1822ರಲ್ಲಿ ಫ್ರಾನ್ಸಿನ ಶಾಂಪೋಲಿಯೋ ಲಿಪಿಯ ಗುಟ್ಟು ಬಿಡಿಸಿದ. ಜನ ಅಲ್ಲಿಗೆ ಕತೆ ಮುಗಿಯಿತು ಅಂದುಕೊಳ್ಳುತ್ತಾರೆ. ಲಿಪಿ ಓದುವುದೇ ಬೇರೆ, ಭಾಷೆ ತಿಳಿಯುವುದೇ ಬೇರೆ. ಮಲಯಾಳಂ ಅಕ್ಷರ ಕಲಿತ ಕನ್ನಡಿಗ ಎರ್ನಾಕುಲಂನಲ್ಲಿ ಬಸ್ಸಿನ ಬೋರ್ಡು ಓದಬಹುದು, ಕಾದಂಬರಿ ಓದೋಕಾಗುತ್ತಾ?

ಇನ್ನೊಂದು ತೊಡಕು. ಈ ಬರವಣಿಗೆಯಲ್ಲಿ ಸ್ವರಗಳೇ ಇಲ್ಲ. ಬರೀ ವ್ಯಂಜನ. ‘ಒಳ್ಳೆಯ, ಚೆಂದದ’ ಅನ್ನುವ ಪದ ನ್-ಫ್-ರ್. ವಿದ್ವಾಂಸರು ಬಾಯಿಗೆ ಸುಲಭವಾಗಲಿ ಅಂತ ನಡುವೆ ಎಕಾರ ತುಂಬಿ ‘ನೆಫೆರ್’ ಅನ್ನುತ್ತಾರೆ. ಅದು ಈಜಿಪ್ಟಿನವರ ಉಚ್ಚಾರ ಅಲ್ಲ, ನಮ್ಮ ಅನುಕೂಲ. ಅದೇ ಭಾಷೆಯ ಕೊನೆಯ ರೂಪ ಕಾಪ್ಟಿಕ್. ಗ್ರೀಕ್ ಅಕ್ಷರಗಳಲ್ಲಿ ಬರೆದಿದ್ದರಿಂದ ಅದರಲ್ಲಿ ಸ್ವರ ಉಳಿದಿವೆ, ಈಗಲೂ ಈಜಿಪ್ಟಿನ ಕಾಪ್ಟಿಕ್ ಚರ್ಚುಗಳ ಪೂಜೆಯಲ್ಲಿ ಕೇಳಿಸುತ್ತದೆ. ಅದರಲ್ಲಿ ಈ ಪದ ‘ನೂಫೆ’. ಇನ್ನೊಂದು ದಾರಿಯೂ ಇದೆ. ಅಮರ್ನಾ ಅನ್ನುವಲ್ಲಿ 1887ರಲ್ಲಿ ಸಿಕ್ಕ ಜೇಡಿಮಣ್ಣಿನ ಪತ್ರಗಳಲ್ಲಿ ಬೇರೆ ದೇಶದ ರಾಜರು ಈಜಿಪ್ಟಿನ ದೊರೆಗಳ ಹೆಸರನ್ನು ತಮ್ಮ ಕಿವಿಗೆ ಕೇಳಿದಂತೆ ಬರೆದಿದ್ದಾರೆ. ನಾವು ಪುಸ್ತಕ ನೋಡಿ ‘ನೆಬ್‌ಮಾಅತ್‌ರೆ’ ಅನ್ನುವ ಹೆಸರನ್ನು ಅವರು ‘ನಿಮ್ಮುರೆಯ’ ಅಂತ ಬರೆದಿದ್ದಾರೆ. ಎಲ್ಲಿಂದೆಲ್ಲಿಗೆ! ನಾವು ಈಗ ಹೇಳುವ ಹೆಸರು ಕೇಳಿ ಆ ರಾಜ ತಿರುಗಿಯೂ ನೋಡುತ್ತಿರಲಿಲ್ಲವೇನೋ.

ಮೊದಮೊದಲು ನಿಘಂಟು ಅಂದರೆ ಒಬ್ಬೊಬ್ಬರೇ ಕೂತು ಮಾಡಿದ್ದು. ಶಾಂಪೋಲಿಯೋನದ್ದು ಅವನು ಸತ್ತ ಮೇಲೆ ಅಣ್ಣ ಅಚ್ಚು ಹಾಕಿಸಿದ. ಆಮೇಲೆ ಬಂದ ಹೈನ್ರಿಕ್ ಬ್ರುಗ್ಶ್ 1867ರಿಂದ 1882ರವರೆಗೆ 7 ಸಂಪುಟ ತಂದ, ಅಷ್ಟನ್ನೂ ಕೈಬರಹದಲ್ಲಿ. ದೈತ್ಯ ಅಂದರೆ ದೈತ್ಯ. ಆದರೆ ಒಬ್ಬ ಮನುಷ್ಯನ ನೆನಪಿಗೆ ಒಂದು ಮಿತಿ ಇರುತ್ತದಲ್ವಾ? ಒಂದು ಪದ ಅಲ್ಲೆಲ್ಲೋ ಗೋರಿಯ ಗೋಡೆಯಲ್ಲಿ ಹೇಗೆ ಬಂದಿದೆ, ಇನ್ನೆಲ್ಲೋ ಪಪೈರಸ್ಸಿನಲ್ಲಿ ಹೇಗೆ ಬಂದಿದೆ ಅಂತ ಎಲ್ಲವನ್ನೂ ಒಂದೇ ತಲೆಯಲ್ಲಿ ಇಟ್ಟುಕೊಳ್ಳೋಕಾಗಲ್ಲ.

ಇದನ್ನು ಸರಿಯಾಗಿ ಹಿಡಿದವನು ಬರ್ಲಿನ್ನಿನ ಆಡಾಲ್ಫ್ ಎರ್ಮಾನ್. 1897ರಲ್ಲಿ ಶುರು. ಜರ್ಮನಿಯ ಚಕ್ರವರ್ತಿ ಎರಡನೇ ವಿಲ್ಹೆಲ್ಮ್ 1,20,000 ಮಾರ್ಕ್ ಕೊಟ್ಟ. ಬರ್ಲಿನ್, ಗಾಟಿಂಗೆನ್, ಲೈಪ್‌ಜಿಗ್, ಮ್ಯೂನಿಕ್ ನಾಲ್ಕೂ ಕಡೆಯ ಅಕಾಡೆಮಿಗಳು ಕೈ ಜೋಡಿಸಿದವು. ಆಗಷ್ಟೇ ಲ್ಯಾಟಿನ್ನಿಗೆ ಅಂಥದೊಂದು ದೊಡ್ಡ ನಿಘಂಟಿನ ಕೆಲಸ ಹೊರಟಿತ್ತು, ಅದೇ ಮೇಲ್ಪಂಕ್ತಿ. ಎರ್ಮಾನನ ಉಪಾಯ ಕೇಳಿದರೆ ತೀರ ಸರಳ: ಪದದ ಅರ್ಥ ಏನು ಅಂತ ಮೊದಲು ಕೇಳಲೇಬೇಡಿ, ಆ ಪದ ಬಂದ ಜಾಗಗಳನ್ನೆಲ್ಲ ಒಂದು ಕಡೆ ಗುಡ್ಡೆ ಹಾಕಿ.

ಹೇಗೆ ಗುಡ್ಡೆ ಹಾಕೋದು? ಒಂದು ಚೀಟಿ ತೋರಿಸುತ್ತೇನೆ, ಹತ್ತಿರದಿಂದ ನೋಡಿ. ಒಂದು ಶಾಸನ ತಗೊಂಡರು ಅಂತಿಟ್ಟುಕೊಳ್ಳಿ. ಅದನ್ನು ಸುಮಾರು 30 ಪದಗಳ ತುಂಡುಗಳಾಗಿ ಮಾಡುತ್ತಾರೆ. ಒಂದು ತುಂಡನ್ನು ಒಂದು ಚೀಟಿಯ ಮೇಲೆ, ಚಿತ್ರಲಿಪಿಯಲ್ಲೇ, ವಿಶೇಷ ಶಾಯಿಯಲ್ಲಿ ಕೈಯಿಂದ ಬರೆಯುತ್ತಾರೆ. ಅದರಿಂದ ಪ್ರತಿಗಳನ್ನು ಎತ್ತುತ್ತಾರೆ, 30 ಪದ ಇದ್ದರೆ 30 ಪ್ರತಿ. ಮೊದಲ ಪ್ರತಿಯಲ್ಲಿ ಮೊದಲ ಪದಕ್ಕೆ ಕೆಂಪು ಗುರುತು, ಎರಡನೆಯದರಲ್ಲಿ ಎರಡನೆಯ ಪದಕ್ಕೆ, ಹೀಗೇ ಕೊನೆತನಕ. ಮೂಲೆಯಲ್ಲಿ ಆ ಪದವನ್ನು ಬರೆದು ಅದರ ಪೆಟ್ಟಿಗೆಗೆ ಹಾಕುತ್ತಾರೆ. ಇಲ್ಲಿ ಜಾಣತನ ಏನು ಅಂದರೆ, ಚೀಟಿ ತೆಗೆದವನಿಗೆ ಪದ ಒಂಟಿಯಾಗಿ ಸಿಗುವುದಿಲ್ಲ, ಅಕ್ಕಪಕ್ಕದ ನೆರೆಹೊರೆಯವರ ಸಮೇತ ಸಿಗುತ್ತದೆ. ಇಂಥ ಚೀಟಿಗಳು ಕೊನೆಗೆ ಎಷ್ಟಾದವು ಅಂದರೆ ಸುಮಾರು 15 ಲಕ್ಷ. ಕಂಪ್ಯೂಟರ್ ಇಲ್ಲ, ಜೆರಾಕ್ಸ್ ಇಲ್ಲ.

ಅಮೆರಿಕದ ಬ್ರೆಸ್ಟೆಡ್ ಯುರೋಪಿನ ಮ್ಯೂಸಿಯಂಗಳನ್ನು ಸುತ್ತಿ ಶಾಸನಗಳ ಪ್ರತಿ ಮಾಡಿಕೊಟ್ಟ. ಇಂಗ್ಲೆಂಡಿನ ಗಾರ್ಡಿನರ್ ಬರ್ಲಿನ್ನಿಗೆ ಬಂದು ದುಡಿದ. ನಡುವೆ ಮೊದಲ ಮಹಾಯುದ್ಧ ಬಂತು, ದುಡ್ಡಿಗೆ ಬೆಲೆಯೇ ಹೋಯಿತು. ಕೊನೆಗೆ ಅಚ್ಚಿಗೆ ನೆರವಾದದ್ದು ಅಮೆರಿಕದ ಸಿರಿವಂತ ರಾಕ್‌ಫೆಲರ್ ಜೂನಿಯರ್ ದುಡ್ಡು. ಮೊದಲ ಸಂಪುಟ ಬಂದದ್ದು 1926ರಲ್ಲಿ, ಅಂದರೆ ಶುರುವಾಗಿ 29 ವರ್ಷಕ್ಕೆ. ಐದನೆಯದು 1931ರಲ್ಲಿ. ಸಂಪಾದಕರು ಎರ್ಮಾನ್ ಮತ್ತು ಅವನ ಶಿಷ್ಯ ಹರ್ಮಾನ್ ಗ್ರಾಪೋ. ಆದರೆ ನಾನು ಟೋಪಿ ತೆಗೆಯುವುದು ವೋಲ್ಯಾ ಎರಿಕ್ಸೆನ್ ಅನ್ನುವ ಡೇನಿಶ್ ವಿದ್ವಾಂಸನಿಗೆ. ಐದೂ ಸಂಪುಟಗಳ ಪುಟಪುಟವನ್ನೂ ಅಚ್ಚಿಗೆ ಕೈಯಲ್ಲಿ ಬರೆದುಕೊಟ್ಟವನು ಅವನೇ. ಒಂದು ಕಿರಿಕಿರಿ ಮಾತ್ರ ಹೇಳಲೇಬೇಕು: ಉದಾಹರಣೆಗಳು ಎಲ್ಲಿಂದ ಬಂದವು ಅನ್ನುವ ವಿವರ ಆ ಸಂಪುಟಗಳಲ್ಲಿಲ್ಲ, ಬರೀ ಸಂಖ್ಯೆ ಇದೆ. ವಿವರಕ್ಕೆ ಬೇರೆ ಸಂಪುಟಗಳನ್ನು ತೆಗೀಬೇಕು, ಅವು 1935ರಿಂದ 1953ರವರೆಗೆ ಬಂದವು. ಮೇಜಿನ ಮೇಲೆ ಎರಡು ಪುಸ್ತಕ ಹರವಿಕೊಂಡು, ಎರಡರಲ್ಲೂ ಬೆರಳಿಟ್ಟುಕೊಂಡು ಓದಬೇಕು.

ಸರಿ, ಗುಡ್ಡೆ ಹಾಕಿದರೆ ಏನು ಲಾಭ? ಮತ್ತೆ ನೆಫೆರ್‌ಗೆ ಬರೋಣ. ‘ಒಳ್ಳೆಯದು’ ಅಂತ ಬರೆದು ಮುಂದೆ ಹೋಗಬಹುದಿತ್ತು. ಆದರೆ ಚೀಟಿ ತಿರುವುತ್ತಾ ಹೋದರೆ ಕೆಲವು ಕಡೆ ‘ನೆಫೆರ್ ಪು’ ಅಂತ ಬರುತ್ತದೆ, ಅಲ್ಲಿ ಅರ್ಥ ‘ಇಲ್ಲ’! ಲೆಕ್ಕದ ಪುಸ್ತಕದಲ್ಲಿ ಬಂದಷ್ಟೂ ಖರ್ಚಾಗಿ ಕೈಯಲ್ಲಿ ಏನೂ ಉಳಿಯದಿದ್ದಾಗಲೂ ಇದೇ ನ್-ಫ್-ರ್ ಬರೆಯುತ್ತಾರೆ, ನಮ್ಮ ಸೊನ್ನೆಯ ಹಾಗೆ. ಒಳ್ಳೆಯದು ಅನ್ನೋ ಪದವೇ ಇಲ್ಲ ಅನ್ನೋಕೂ ಬಂದರೆ ಏನು ಮಾಡ್ತೀರಿ? ಪೂರ್ತಿಯಾಯಿತು, ಮುಗಿಯಿತು ಅನ್ನುವ ದಾರಿಯಲ್ಲಿ ಅರ್ಥ ಹಾಗೆ ಹೊರಳಿರಬಹುದು. ನಮಗೆ ಇದೇನೂ ಹೊಸದಲ್ಲ. ಮನೆಯಿಂದ ಹೊರಡುವಾಗ ನಾವು ‘ಬರ್ತೀನಿ’ ಅನ್ನುತ್ತೇವೆ. 3,000 ವರ್ಷ ಆದ ಮೇಲೆ ಯಾರೋ ನಮ್ಮ ಮಾತಿನ ತುಣುಕುಗಳನ್ನಷ್ಟೇ ಇಟ್ಟುಕೊಂಡು ನಿಘಂಟು ಮಾಡಹೊರಟರೆ, ‘ಬರ್ತೀನಿ’ ಅಂದವನು ಎಲ್ಲ ಕಡೆ ಎದ್ದು ಹೋಗುತ್ತಿದ್ದಾನಲ್ಲ ಅಂತ ತಲೆ ಕೆರೆದುಕೊಳ್ಳುತ್ತಾನೆ. ಒಂದೇ ಒಂದು ಚೀಟಿ ಇದ್ದರೆ ಮೋಸಹೋಗುತ್ತಾನೆ. ನೂರು ಚೀಟಿ ಇದ್ದರೆ ಹಿಡಿಯುತ್ತಾನೆ. ಸಾವಿನ ವಿಷಯಕ್ಕೂ ಹಾಗೇ. ದೋಣಿಯನ್ನು ದಡಕ್ಕೆ ಕಟ್ಟುವುದು ಅನ್ನುವ ಅವರ ಕ್ರಿಯಾಪದಕ್ಕೆ ಸಾಯುವುದು ಅಂತಲೂ ಅರ್ಥ. ನಮ್ಮವರು ‘ತೀರಿಕೊಂಡರು’ ಅನ್ನಲ್ವಾ?

ನನಗೆ ತುಂಬ ಇಷ್ಟವಾದ ಜೋಡಿ ಇನ್ನೊಂದಿದೆ. ಉತ್ತರಕ್ಕೆ ಹೋಗು ಅನ್ನೋಕೆ ಒಂದು ಕ್ರಿಯಾಪದ, ಅದರ ಕೊನೆಗೆ ಹಾಯಿ ಇಲ್ಲದ ದೋಣಿ. ದಕ್ಷಿಣಕ್ಕೆ ಹೋಗು ಅನ್ನೋಕೆ ಇನ್ನೊಂದು, ಅದರ ಕೊನೆಗೆ ಹಾಯಿ ಬಿಚ್ಚಿದ ದೋಣಿ. ನೈಲ್ ನದಿ ಹರಿಯುವುದು ಉತ್ತರಕ್ಕೆ, ಗಾಳಿ ಬೀಸುವುದು ಉತ್ತರದಿಂದ. ಹಾಗಾಗಿ ಕೆಳಗೆ ಹೋಗುವಾಗ ನೀರೇ ಒಯ್ಯುತ್ತದೆ, ಮೇಲಕ್ಕೆ ಹೋಗುವಾಗ ಹಾಯಿ ಬೇಕು. ಹರಿವಿನ ಜೊತೆ ಅಂದರೂ ಉತ್ತರ ಅಂದರೂ ಅವರಿಗೆ ಒಂದೇ ಪದ. ಇದೇ ಜನ ಸಿರಿಯಾ ದಾಟಿ ಯೂಫ್ರೆಟಿಸ್ ನದಿ ನೋಡಿದಾಗ ತಬ್ಬಿಬ್ಬಾದರು, ಅದು ದಕ್ಷಿಣಕ್ಕೆ ಹರಿಯುತ್ತದಲ್ಲ! ಮೊದಲನೇ ಥುತ್ಮೋಸ್ ಅನ್ನುವ ದೊರೆ ತೊಂಬೋಸ್ ಅನ್ನುವಲ್ಲಿ ಕೆತ್ತಿಸಿದ ಶಾಸನದಲ್ಲಿ ಆ ನದಿಯನ್ನು ಹೇಗೆ ಬಣ್ಣಿಸಿದ್ದಾರೆ ಅಂದರೆ, ಮೇಲಕ್ಕೆ ಹೋಗುತ್ತಾ ಕೆಳಕ್ಕೆ ಹರಿಯುವ ತಿರುಗುಮುರುಗು ನೀರು ಅಂತ. ಒಂದು ಭಾಷೆಯ ನಿಘಂಟಿಗೆ ಆ ಊರಿನ ಗಾಳಿ ನೀರು ಹೇಗೆ ಒಳಗೆ ಬರುತ್ತದೆ ನೋಡಿ. ಬಲಗೈಗೂ ಪಶ್ಚಿಮಕ್ಕೂ ಅವರಲ್ಲಿ ಒಂದೇ ಬೇರು, ಎಡಗೈಗೂ ಪೂರ್ವಕ್ಕೂ ಒಂದೇ ಬೇರು, ಯಾಕೆಂದರೆ ಅವರು ನದಿ ಬರುವ ದಕ್ಷಿಣದ ಕಡೆ ಮುಖ ಮಾಡಿ ನಿಂತವರು. ನಮ್ಮಲ್ಲಿ ‘ದಕ್ಷಿಣ’ ಅಂದರೆ ಬಲ ಅಂತಲೂ ಅರ್ಥ ಇದೆಯಲ್ಲ, ಅದು ಪೂರ್ವಕ್ಕೆ ಮುಖ ಮಾಡಿ ನಿಂತವರ ಲೆಕ್ಕ.

ಈಗ ನನ್ನ ಪೆದ್ದುತನದ ಒಂದು ಕತೆ. ಕಲಿಯುವ ಶುರುವಿನಲ್ಲಿ ಒಂದು ಗೋರಿಯ ಫೋಟೋ ನೋಡಿ ಬರೆದುಕೊಳ್ಳುತ್ತಿದ್ದೆ. ಒಬ್ಬ ಅಧಿಕಾರಿಯ ಬಿರುದಿನಲ್ಲಿ ಒಂದು ಪುಟ್ಟ ಹಕ್ಕಿ. ಗುಬ್ಬಿ ಅಂದುಕೊಂಡೆ. ಈ ಲಿಪಿಯಲ್ಲಿ ಗುಬ್ಬಿ ಪಾಪ, ಕೆಟ್ಟದ್ದು, ಸಣ್ಣದ್ದು, ಕಾಯಿಲೆ ಇಂಥ ಪದಗಳ ಕೊನೆಗೆ ಬರುವ ಗುರುತು. ಅಲ್ಲಪ್ಪ, ತನ್ನದೇ ಗೋರಿಯಲ್ಲಿ ಯಾರಾದರೂ ತನ್ನನ್ನು ‘ಕ್ಷುದ್ರ ಅಧಿಕಾರಿ’ ಅಂತ ಕೆತ್ತಿಸಿಕೊಳ್ಳುತ್ತಾರಾ, ಎಂಥ ವಿನಯ ಅಂತ ಎರಡು ದಿನ ಬೆರಗಾಗಿದ್ದೆ. ಆಮೇಲೆ ಫೋಟೋ ದೊಡ್ಡದು ಮಾಡಿ ನೋಡಿದರೆ ಹಕ್ಕಿಯ ಬಾಲ ಕವಲೊಡೆದಿದೆ. ಅದು ಗುಬ್ಬಿಯಲ್ಲ, ಇಂಗ್ಲಿಷಿನವರು ಸ್ವಾಲೋ ಅನ್ನುವ ಹಕ್ಕಿ, ಅದರ ಓದು ‘ವರ್’, ಅರ್ಥ ‘ದೊಡ್ಡ, ಮಹಾ’. ದೊಡ್ಡವನಿಗೂ ಕ್ಷುದ್ರನಿಗೂ ನಡುವೆ ಇರುವುದು ಬಾಲದ ತುದಿಯ ಒಂದು ಸೀಳು. ಕಲ್ಲು ಸವೆದಿದ್ದರೆ ಆ ಸೀಳೂ ಇರಲ್ಲ. ಇಂಥ ತಪ್ಪು ಓದಿನಿಂದ ಹುಟ್ಟಿ ನಿಘಂಟಿನೊಳಗೆ ಸೇರಿಕೊಂಡ ದೆವ್ವದಂಥ ಪದಗಳೂ ಉಂಟು, ಅವನ್ನು ಹುಡುಕಿ ಓಡಿಸುವುದೂ ನಿಘಂಟಿನವರ ಕೆಲಸವೇ.

ಸೀಳು ಕಾಣದೆ ತಪ್ಪುವುದು ಒಂದು ಬಗೆ. ಕಾಣಬೇಕು ಅನ್ನುವ ಆಸೆಯಿಂದ ತಪ್ಪುವುದು ಇನ್ನೊಂದು, ಅದು ಇನ್ನೂ ಅಪಾಯ. ಎಬರ್ಸ್ ಮತ್ತು ಬೇರೆ ವೈದ್ಯದ ಪಪೈರಸ್ಸುಗಳಲ್ಲಿ ‘ಆಆ’ ಅಂತ ನಾವು ಓದಿಕೊಳ್ಳುವ ಒಂದು ಪದ ಮತ್ತೆ ಮತ್ತೆ ಬರುತ್ತದೆ. ಅದರ ಕೊನೆಗೆ ದ್ರವ ಸುರಿಸುವ ಶಿಶ್ನದ ಚಿತ್ರ. ಇನ್ನೊಂದು ಕಡೆ, ಬಿಲ್ಹಾರ್ಜಿಯಾ ಅನ್ನುವ ಕಾಯಿಲೆ ನೈಲ್ ತೀರದಲ್ಲಿ ಬಹಳ ಹಿಂದಿನಿಂದ ಇದೆ. ನೀರಿನಿಂದ ಬರುವ ಹುಳ, ಮೂತ್ರದಲ್ಲಿ ರಕ್ತ. 1910ರಲ್ಲಿ ರಫರ್ ಅನ್ನುವ ವೈದ್ಯ ಮಮ್ಮಿಗಳ ಮೂತ್ರಪಿಂಡದಲ್ಲೇ ಆ ಹುಳದ ಮೊಟ್ಟೆಗಳನ್ನು ಕಂಡ. ಇನ್ನೇನು ಬೇಕು? ಕಾಯಿಲೆ ಇತ್ತು, ಹೆಸರು ಇರಲೇಬೇಕು, ಚಿತ್ರ ಬೇರೆ ಹಾಗಿದೆ. ‘ಆಆ’ ಅಂದರೆ ಮೂತ್ರದಲ್ಲಿ ರಕ್ತ ಅಂತ ಎಷ್ಟೋ ಪುಸ್ತಕಗಳಲ್ಲಿ ಅಚ್ಚಾಗಿಹೋಯಿತು. ವೈದ್ಯರು ಬರೆಯುವ ಇತಿಹಾಸಗಳಲ್ಲಿ ಈಗಲೂ ಕಾಣುತ್ತದೆ.

ಆದರೆ ಚೀಟಿಗಳನ್ನು ಸಾಲಾಗಿ ಇಟ್ಟು ಓದಿ. ದೇವರ ‘ಆಆ’, ಸತ್ತವನ ‘ಆಆ’, ಸತ್ತವಳ ‘ಆಆ’ ಅಂತ ಬರುತ್ತದೆ. ಅದನ್ನು ಹೊಟ್ಟೆಯಿಂದ ಓಡಿಸು ಅಂತ ಬರುತ್ತದೆ. ಮೂತ್ರದ ರಕ್ತ ಆಗಿದ್ದರೆ ಸತ್ತವಳದ್ದು ಇನ್ನೊಬ್ಬರ ಹೊಟ್ಟೆಯಲ್ಲಿ ಏನು ಮಾಡುತ್ತಿದೆ? ಆಗ ಬೇರೆ ಚಿತ್ರ ಮೂಡುತ್ತದೆ: ಯಾವುದೋ ಗಾಳಿ, ದೆವ್ವ ಮನುಷ್ಯನ ಮೈಯೊಳಗೆ ಸುರಿದ ವಿಷದಂಥ ದ್ರವ, ಅದರಿಂದ ಬಂದ ಬೇನೆ. ಇವತ್ತು ಬಹಳ ಜನ ವಿದ್ವಾಂಸರು ಒಲಿಯುವುದು ಈ ಕಡೆಗೆ. ನನಗೂ ಇದೇ ಸರಿ ಅನ್ನಿಸುತ್ತದೆ. ಹುಳದ ಮೊಟ್ಟೆ ಸುಳ್ಳಲ್ಲ, ಕಾಯಿಲೆಯೂ ಸುಳ್ಳಲ್ಲ. ಆದರೆ ಕಾಯಿಲೆ ಇತ್ತು ಅಂತ ಈ ಪದ ಅದರದ್ದೇ ಆಗಬೇಕಿಲ್ಲ.

ನಾವು ಕನ್ನಡಿಗರೂ ಇಂಥದೊಂದು ಆಸೆಯ ಪಾಲುದಾರರೇ. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕ ಒಂದು ಗ್ರೀಕ್ ಪ್ರಹಸನ 1903ರಲ್ಲಿ ಅಚ್ಚಾಯಿತು. ಕತೆ ನಡೆಯುವುದು ಇಂಡಿಯಾದ ಕರಾವಳಿಯಲ್ಲಿ, ಅಲ್ಲಿನ ರಾಜ ಏನೇನೋ ಅನ್ಯಭಾಷೆ ಮಾತಾಡುತ್ತಾನೆ. 1904ರಲ್ಲಿ ಹುಲ್ಟ್ಸ್ಶ್ ಅನ್ನುವ ಶಾಸನತಜ್ಞ ಅದು ಕನ್ನಡ ಅಂದ. ನಮ್ಮ ವಿದ್ವಾಂಸರು ಖುಷಿಯಾಗಿ ಬೆನ್ನು ಹತ್ತಿದರು, ಕೆಲವರು ತುಳು ಅಂದರು, ಒಪ್ಪದವರೂ ಇದ್ದರು. ಗ್ರೀಕ್ ಅಕ್ಷರದಲ್ಲಿ, ಪದ ಬಿಡಿಸದೆ ಬರೆದ ಸಾಲು. ಎಲ್ಲಿ ಬೇಕಾದರೂ ಕತ್ತರಿಸಬಹುದು. ಅದು ಕನ್ನಡ ಆಗಿರಲಿ ಅಂತ ನನಗೂ ಆಸೆ ಇದೆ, ಸುಳ್ಳು ಯಾಕೆ ಹೇಳಲಿ. ಆದರೆ ಆ ಆಸೆ ಎದೆಯಲ್ಲಿ ಎದ್ದ ಕೂಡಲೇ ನನಗೆ ‘ಆಆ’ ನೆನಪಾಗುತ್ತದೆ.

ಮುಂದಿನದ್ದು ಬೇಗ ಹೇಳಿಬಿಡುತ್ತೇನೆ. ಬರ್ಲಿನ್ನಿನ ಆ ಚೀಟಿಗಳನ್ನು 1990ರ ದಶಕದ ಕೊನೆಗೆ ಸ್ಕ್ಯಾನ್ ಮಾಡಿದರು, ಈಗ ನೀವು ಮನೆಯಲ್ಲೇ ಕೂತು ಒಂದೊಂದನ್ನೂ ನೋಡಬಹುದು. 2004ರಿಂದ ಅಲ್ಲಿನ ಅಕಾಡೆಮಿಯವರು ಇಡೀ ಪಠ್ಯಗಳನ್ನೇ ಪದಪದಕ್ಕೆ ಬಿಡಿಸಿ ಅಂತರ್ಜಾಲದಲ್ಲಿ ಇಟ್ಟಿದ್ದಾರೆ. ಕೊನೆಯ ಶತಮಾನಗಳ ಓಟದ ಬರಹ ಡೆಮೋಟಿಕ್, ಅದಕ್ಕೆ ಶಿಕಾಗೋದಲ್ಲಿ 1970ರ ದಶಕದಲ್ಲಿ ಶುರುವಾದ ನಿಘಂಟಿನ ಕೊನೆಯ ಅಕ್ಷರ ಮುಗಿದದ್ದು 2012ರಲ್ಲಿ. ಯೂನಿಕೋಡಿಗೆ ಈ ಲಿಪಿಯ 1,071 ಚಿಹ್ನೆಗಳು 2009ರಲ್ಲಿ ಬಂದವು, 2024ರಲ್ಲಿ ಇನ್ನೂ 3,995 ಸೇರಿದವು. ಎರಿಕ್ಸೆನ್ ಇದ್ದಿದ್ದರೆ ಏನನ್ನುತ್ತಿದ್ದನೋ. ಅಗ್ಗಕ್ಕೆ ಸಿಗುವ ಹಳೇ ನಿಘಂಟುಗಳ ಮರುಮುದ್ರಣ ಮಾತ್ರ ಕೊಳ್ಳಬೇಡಿ ಅಂತ ನನ್ನದೊಂದು ಮನವಿ. ನಾನು ಒಂದನ್ನು ಕೊಂಡು, ಅದರ ಹಳತಾದ ಓದುಗಳನ್ನು ಬಾಯಿಪಾಠ ಮಾಡಿದೆ. ಆಮೇಲೆ ಅವನ್ನು ಒಂದೊಂದಾಗಿ ಮರೆಯೋಕೆ, ಕಲಿಯೋಕಿಂತ ಜಾಸ್ತಿ ಹೊತ್ತು ಬೇಕಾಯಿತು.

ಮಾತು ಮುಗಿದ ಮೇಲೆ ಪ್ರಶ್ನೆಗಳು. ಈಜಿಪ್ಟಿನವರೇ ಯಾಕೆ ನಿಘಂಟು ಮಾಡಿಕೊಳ್ಳಲಿಲ್ಲ ಅಂತ ಒಬ್ಬ ಹುಡುಗ ಕೇಳಿದ. ಪಟ್ಟಿ ಮಾಡಿದ್ದರು. ಸುಮಾರು 3,000 ವರ್ಷದ ಹಿಂದೆ ಅಮೆನೆಮೋಪೆ ಅನ್ನುವವನು 600ಕ್ಕೂ ಹೆಚ್ಚು ಪದಗಳ ಒಂದು ಪಟ್ಟಿ ಬರೆದ. ಆಕಾಶ, ಸೂರ್ಯಬಿಂಬ, ಚಂದ್ರ, ನಕ್ಷತ್ರದಿಂದ ಹಿಡಿದು ಅಧಿಕಾರಿಗಳು, ಊರುಗಳು, ಧಾನ್ಯ, ಬಿಯರ್, ಕೊನೆಗೆ ಎತ್ತಿನ ಮಾಂಸದ ತುಂಡುಗಳವರೆಗೆ. ಆದರೆ ಒಂದಕ್ಕೂ ಅರ್ಥ ಬರೆದಿಲ್ಲ. ಅವನ ಓದುಗರಿಗೆ ಅವೆಲ್ಲ ಗೊತ್ತಿದ್ದವಲ್ಲ.

ಹಿಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ಅಮ್ಮ ಬಹಳ ಹೊತ್ತಿನಿಂದ ಏನೋ ಕೇಳಬೇಕು ಅಂತಿದ್ದರು. ಎದ್ದು ನಿಂತು, ‘ಅಲ್ಲಪ್ಪ, ಔಷಧ ಬರೆದಿಟ್ಟವರು ಗಿಡದ ಗುರುತು ಬರೀದೇ ಇರ್ತಾರಾ? ಎಲೆ ಹೇಗೆ, ಹೂವು ಹೇಗೆ ಅಂತ ಒಂದು ಮಾತೂ ಇಲ್ವಾ?’ ಅಂದರು. ಇದೆ ಅಮ್ಮ, ಅಪರೂಪಕ್ಕೆ ಇದೆ ಅಂದೆ. ಎಬರ್ಸ್ ಪಪೈರಸ್ಸಿನಲ್ಲೇ ‘ಸೆನುತೆತ್’ ಅನ್ನುವ ಗಿಡಕ್ಕೆ ಗುರುತು ಕೊಟ್ಟಿದ್ದಾರೆ. ಅದರ ಹೂವು ತಾವರೆಯ ಹಾಗಿರುತ್ತದೆ, ಎಲೆ ಬಿಳಿ ಮರದ ಹಾಗೆ ಕಾಣುತ್ತದೆ, ‘ಕಾದೆತ್’ ಗಿಡದ ಹಾಗೆ ತನ್ನ ಹೊಟ್ಟೆಯ ಮೇಲೆ, ಅಂದರೆ ನೆಲಕ್ಕೆ ಹರಡಿಕೊಂಡು ಬೆಳೆಯುತ್ತದೆ.

‘ನೋಡಿ, ಸಿಕ್ತಲ್ಲ! ಮತ್ತೆ ಕಾದೆತ್ ಅಂದ್ರೆ ಯಾವುದು?’

ನಿಘಂಟಿನ ಆ ಪುಟ ಪರದೆಯ ಮೇಲೆ ಹಾಕಿದೆ. ಅದೂ ಒಂದು ಬಗೆಯ ಗಿಡ.